ಟ್ಯಾಂಕಿ ತಿರುವಿನಲ್ಲಿ ಕೈಕೊಟ್ಟ ಅಡ್ಡಗಾಳಿಯವರಿಗೆ

ಮಾನ್ಯ ಅಡ್ಡಗಾಳಿಯವರೇ,

ಎಲ್ಲ ದಿಕ್ಕುಗಳಲ್ಲೂ ಸಂಚರಿಸುವ, ಯಾವ ದಿಕ್ಕಿನಲ್ಲೂ ಮನೆ ಮಾಡದ, ಆದ್ದರಿಂದಲೇ ಈವರೆಗೆ ಯಾರ ದೂರೂ ಕೈಸೇರದ ತಮ್ಮ ಪಾದಗಳಿಗೆ, ಪಾದಗಳು ಇದ್ದಲ್ಲಿ, ಸೈಕಲ್ ರೇಸಿನ ಒಬ್ಬ ದುಡಿಮೆಗಾರನ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ನಮ್ಮ ಹೋಟೆಲಿನ ಕಿಟಕಿ ಬಡಿದುಕೊಳ್ಳುವ ರೀತಿಯಿಂದಲೇ ತಿಳಿಯುತ್ತಿದೆ. ನಾನೂ ಕ್ಷೇಮ, ಸೊಂಟವೊಂದನ್ನು ಬಿಟ್ಟು.

ಹದಿಮೂರು ವರ್ಷಗಳಿಂದ ಮುಖಕ್ಕೆ ಮುಖ ಕೊಟ್ಟು ನೋಡುತ್ತಿದ್ದರೂ ತಮಗೆ ನನ್ನ ಗುರುತು ಹತ್ತಿರಲಾರದು, ಆದ್ದರಿಂದ ಹೇಳಿಕೊಳ್ಳುತ್ತೇನೆ. ನಾನು ವೃತ್ತಿಪರ ಸೈಕಲ್ ತಂಡವೊಂದರಲ್ಲಿ ಗಾಳಿ ತಡೆಯುವವನು. ನಮ್ಮ ನಾಯಕ ನನ್ನ ಬೆನ್ನ ಹಿಂದೆ ಆರಾಮವಾಗಿ ಬರಬೇಕು, ನಾನು ಮುಂದೆ ನಿಂತು ತಮ್ಮನ್ನು ತಿನ್ನಬೇಕು, ಇಷ್ಟೇ ನನ್ನ ಉದ್ಯೋಗ. ಹೆಗಲು ಅಗಲವಾಗಿರುವುದರಿಂದ ತಂಡದವರು ನನ್ನನ್ನು ‘ಬಾಗಿಲು’ ಎಂದು ಕರೆಯುತ್ತಾರೆ. ಟೀವಿಯವರು ರೇಸಿನ ಪ್ರಸಾರ ಶುರುಮಾಡುವಷ್ಟರಲ್ಲಿ ನನ್ನ ಕೆಲಸ ಮುಗಿದು, ಉಸಿರೂ ಮುಗಿದು, ನಾನು ಎಲ್ಲೋ ಹಿಂದೆ ಉಳಿದುಬಿಟ್ಟಿರುತ್ತೇನೆ. ಹಾಗಾಗಿ ನನ್ನ ಅಮ್ಮ ಪ್ರತಿ ರೇಸಿಗೂ ಕನ್ನಡಕ ಒರೆಸಿಕೊಂಡು ಟೀವಿಯ ಮುಂದೆ ಕುಳಿತು, ಯಾರೋ ಹೆತ್ತ ನಾಯಕನ ಮುಖ ನೋಡಿ ಎದ್ದು ಹೋಗುತ್ತಾಳೆ.

ಈ ಸಲ ಮಾತ್ರ ನನಗೆ ತಮ್ಮಿಂದ ಒಂದು ದೊಡ್ಡ ಉಪಕಾರ ಆಗಬೇಕಿತ್ತು. ನನಗೀಗ ಮೂವತ್ತಾರು, ಒಪ್ಪಂದ ಈ ವರ್ಷಕ್ಕೆ ಮುಗಿಯುತ್ತದೆ, ಸೈಕಲ್ ತುಳಿಯುವುದು ಬಿಟ್ಟರೆ ನನಗೆ ಬೇರೆ ವಿದ್ಯೆ ಬರುವುದಿಲ್ಲ. ಚಳಿಗಾಲದ ಶಿಬಿರದಲ್ಲಿ ನಿರ್ದೇಶಕರು ನನ್ನ ಭುಜ ತಟ್ಟಿ, “ಮೊದಲನೇ ರೇಸಲ್ಲಿ ಏನಾದ್ರೂ ಮಾಡಿ ತೋರ್ಸು, ಮುಂದಿನ ವರ್ಷದ ಮಾತು ಆಮೇಲೆ ನೋಡೋಣ” ಎಂದಿದ್ದರು. ಭುಜ ತಟ್ಟಿ ಮಾತಾಡುವವರನ್ನು ನಾನು ಮೊದಲಿನಿಂದಲೂ ನಂಬುವುದಿಲ್ಲ.

ತಮ್ಮ ಸ್ವಾಗತಕ್ಕೆ ನಾವು ಮಾಡಿಕೊಂಡ ತಯಾರಿಯನ್ನು ತಾವು ನೋಡಬೇಕಿತ್ತು. ನಿರ್ದೇಶಕರು ಹೋಟೆಲಿನ ಊಟದ ಮೇಜನ್ನೇ ರಸ್ತೆ ಮಾಡಿ, ಉಪ್ಪಿನ ಡಬ್ಬಿಯನ್ನು ನಾಯಕನೆಂದೂ ಹಲ್ಲುಕಡ್ಡಿಗಳನ್ನು ನಾವೆಂದೂ ಸಾಲಾಗಿ ಇಟ್ಟು, ಪಕ್ಕದಲ್ಲಿ ಒಂದು ಟೇಬಲ್ ಫ್ಯಾನನ್ನು ತಾವೆಂದು ನಿಲ್ಲಿಸಿ ಪಾಠ ಮಾಡಿದರು. ನೀರಿನ ಟ್ಯಾಂಕಿ ದಾಟಿ ರಸ್ತೆ ಎಡಕ್ಕೆ ತಿರುಗಿದೊಡನೆ ತಾವು ಪಕ್ಕದಿಂದ ಬೀಸುತ್ತೀರಿ, ಪಕ್ಕದಿಂದ ಬೀಸಿದರೆ ಒಬ್ಬರ ಹಿಂದೆ ಒಬ್ಬರು ಅಡಗಲಾಗದೆ ಓರೆಯಾಗಿ ಸಾಲುಗಟ್ಟಬೇಕಾಗುತ್ತದೆ, ರಸ್ತೆಯ ಅಗಲಕ್ಕೆ ಹಿಡಿಸುವಷ್ಟು ಜನಕ್ಕೆ ಮಾತ್ರ ಆಸರೆ, ಉಳಿದವರೆಲ್ಲ ಅಂಚಿನಲ್ಲಿ ಒದ್ದಾಡಿ ಕಳಚಿಕೊಳ್ಳುತ್ತಾರೆ. ಅದರಲ್ಲೂ ಋತುವಿನ ಮೊದಲ ರೇಸೆಂದರೆ ಎಲ್ಲರ ಕಾಲಲ್ಲೂ ಇನ್ನೂ ಚಳಿಗಾಲದ ನಿದ್ದೆ. ಫ್ಯಾನು ಹೇಳಿದ ಹೊತ್ತಿಗೆ ಬೀಸಿ, ಹೇಳಿದ ಹೊತ್ತಿಗೆ ನಿಂತಿತು. ತಮ್ಮ ವಂಶದಲ್ಲಿ ಶಿಸ್ತು ಇರುವುದು ಅದೊಂದಕ್ಕೇ ಎಂದು ಈಗ ಅನ್ನಿಸುತ್ತದೆ.

ಸೈಕಲ್ಲುಗಳನ್ನೂ ತಮಗೆ ಒಪ್ಪುವಂತೆ ಸಿಂಗರಿಸಿದೆವು. ಅಗಲ ಪಟ್ಟಿಯ ಚಕ್ರಗಳನ್ನು ತಾವು ಹಿಡಿದು ಎಳೆದಾಡುತ್ತೀರೆಂದು ಅವನ್ನು ಬಿಚ್ಚಿಸಿದೆವು. ತಮ್ಮ ಕಣ್ಣಿಗೆ ಸಣ್ಣಗೆ ಕಾಣಲಿ ಎಂದು ತಜ್ಞರೊಬ್ಬರು ನನ್ನ ಹ್ಯಾಂಡಲನ್ನು ಕಿರಿದು ಮಾಡಿ, ಸೀಟನ್ನು ಉಗುರಿನಷ್ಟು ಮುಂದೆ ಸರಿಸಿ, ನನ್ನ ಸೊಂಟಕ್ಕೆ ಈಗಿನ ಗತಿ ತಂದರು. ನಾನು ಸಣ್ಣಗಾದರೆ ನನ್ನ ಹಿಂದೆ ಅಡಗುವವನ ಪಾಡೇನು ಎಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ, ಬಾಗಿಲು ಅರ್ಧ ತೆರೆದುಕೊಂಡಿದೆ ಎಂದು ನಾಯಕ ಎರಡು ದಿನ ಮುಖ ಊದಿಸಿಕೊಂಡಿದ್ದ. ರೇಸಿನ ಬೆಳಿಗ್ಗೆ ಮೆಕ್ಯಾನಿಕ್ಕು, ರಸ್ತೆ ಒರಟು ಎಂದು ಎಲ್ಲ ಟೈರುಗಳ ಗಾಳಿಯನ್ನೂ ಸ್ವಲ್ಪ ಇಳಿಸಿದ. ಈ ಮಾತನ್ನು ತಾವು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ತಾವು ಬಂದಿರಿ, ಇಲ್ಲವೆನ್ನುವುದಿಲ್ಲ. ಟ್ಯಾಂಕಿ ತಿರುವಿನಲ್ಲಿ ನಾವು ಏಳೂ ಜನ ಜೀವದ ಹಂಗು ಬಿಟ್ಟು ತುಳಿದೆವು, ಗುಂಪು ಚೂರುಚೂರಾಯಿತು, ಮುಂದೆ ಇಪ್ಪತ್ತು ಚಿಲ್ಲರೆ ಜನ ಉಳಿದೆವು. ಸಾಲಿನ ತುದಿಯಲ್ಲಿದ್ದ ನನ್ನ ಕೆನ್ನೆಗೆ ಬಡಿಯುತ್ತಿದ್ದ ತಾವು, ಆಗ, ಒಂದು ಮಾತೂ ಹೇಳದೆ, ರಜೆ ಚೀಟಿಯನ್ನೂ ಕೊಡದೆ ಎದ್ದು ಹೋದಿರಿ. ತಾವು ಬಂದು ಹೋಗುವುದನ್ನು ರೇಡಿಯೋದಲ್ಲಿ ತಿಳಿಸುವುದು ನನ್ನ ಕರ್ತವ್ಯ. ಎದೆಯ ಗುಂಡಿ ಒತ್ತಿ ನಾನು ಅರಚಿದ್ದು ಇಷ್ಟೇ: “ಗಾಳಿ ಹೋಯ್ತು! ಗಾಳಿ ಹೋಯ್ತು!”

ಸೈಕಲ್ಲಿನವರ ಕಿವಿಗೆ ಗಾಳಿ ಹೋಯಿತೆಂದರೆ ಟೈರಿನ ಗಾಳಿಯೇ ಹೊರತು ಆಕಾಶದ್ದಲ್ಲ. ಅದು ಸಾಲದೆಂಬಂತೆ, ನಮ್ಮ ತಂಡದಲ್ಲಿ ರೇಡಿಯೋ ಹಿಡಿದವರೆಲ್ಲ ಮೊದಲು ತಮ್ಮ ಹೆಸರು ಹೇಳಬೇಕು, ನಾಯಕನೊಬ್ಬ ಮಾತ್ರ ಹೇಳಬೇಕಿಲ್ಲ. ಗಡಿಬಿಡಿಯಲ್ಲಿ ನಾನು ಹೆಸರು ನುಂಗಿದ್ದೆ, ಏದುಸಿರಿನಲ್ಲಿ ಎಲ್ಲರ ದನಿಯೂ ಒಂದೇ. ಹೆಸರಿಲ್ಲದ ದನಿ ನಾಯಕನದೇ, ಅವನ ಟೈರೇ ಹೋಯಿತೆಂದು ಉಳಿದ ಐವರೂ ಗಕ್ಕನೆ ನಿಂತರು. ನಾಯಕನೂ ಬಗ್ಗಿ ನೋಡಿಕೊಂಡ. ಬೆಳಿಗ್ಗೆಯೇ ಗಾಳಿ ಇಳಿಸಿದ್ದ ಟೈರು ಅವನ ಭಾರಕ್ಕೆ ಚಪ್ಪಟೆಯಾಗಿಯೇ ಕಂಡಿತು, ಅವನೂ ನಿಂತ. ಮೆಕ್ಯಾನಿಕ್ಕು ಹೊಸ ಚಕ್ರ ಹೊತ್ತು ಓಡಿಬಂದು, ಹಳೆಯದನ್ನು ಹೆಬ್ಬೆರಳಲ್ಲಿ ಒತ್ತಿ, “ಗಾಳಿ ಇದೆಯಲ್ರೀ!” ಎಂದನಂತೆ.

ನಿಲ್ಲದೆ ಹೋದವನು ರೇಡಿಯೋದ ಆ ಮಾತಿನ ಅರ್ಥ ಗೊತ್ತಿದ್ದ ನಾನೊಬ್ಬನೇ. ನೀನ್ಯಾಕೆ ನಿಲ್ಲಲಿಲ್ಲವೆಂದು ನಿರ್ದೇಶಕರು ಕಾರಿನಿಂದ ರೇಡಿಯೋದಲ್ಲಿ ಕಿರುಚಿದಾಗ, ನನ್ನ ಟೈರು ಸರಿಯಾಗಿದೆ ಸಾರ್ ಎಂದು ಇದ್ದದ್ದನ್ನೇ ಹೇಳಿದೆ. ಕೊನೆಗೆ, “ಇನ್ನೇನ್ಮಾಡ್ತೀಯ, ಹೋಗಪ್ಪಾ” ಎಂದರು. ಮುಂದೆ ನಿಂತು ತುಳಿಯುವುದು ಬಿಟ್ಟು ಬೇರೇನೂ ಬಾರದ ನಾನು ಅದನ್ನೇ ಮಾಡಿದೆ. ಬಾಗಿಲನ್ನು ಯಾರು ಬೆನ್ನಟ್ಟುತ್ತಾರೆ? ಉಳಿದ ತಂಡಗಳ ನಾಯಕರು ನೀನು ಹೋಗು, ನೀನು ಹೋಗು ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ, ಆ ಕಿರಿದಾದ ಹ್ಯಾಂಡಲ್ ಹಿಡಿದು ನಾನು ಒಬ್ಬಂಟಿಯಾಗಿ ಮುಂದೆ ಹೋಗಿಬಿಟ್ಟಿದ್ದೆ. ಜೀವಮಾನದಲ್ಲಿ ಮೊದಲ ಬಾರಿ ಟೀವಿಯವರ ಮೋಟರ್‌ಬೈಕು ನನ್ನ ಪಕ್ಕಕ್ಕೆ ಬಂತು.

ಗೆಲುವಿನ ಕಮಾನು ಕಣ್ಣಿಗೆ ಬಿದ್ದಾಗ ತಮಗೆ ನನ್ನ ನೆನಪಾಯಿತು. ಎದುರಿನಿಂದ ಬಂದಿರಿ! ಕರೆದಾಗ ಬಾರದವರು, ಯಾರೂ ಕರೆಯದ ಕಡೆ, ಎದೆಗೆ ಕೈಯಿಟ್ಟು ತಳ್ಳುವಂತೆ ಬಂದಿರಿ. ನಾಲ್ವರು ನನ್ನನ್ನು ದಾಟಿ ಹೋದರು. ಐದನೆಯವನಾದೆ. ಹದಿಮೂರು ವರ್ಷ ತಮ್ಮನ್ನು ತಿಂದಿದ್ದೇನೆ, ಒಂದೇ ಒಂದು ದಿನ ಬೆನ್ನ ಹಿಂದಿನಿಂದ ಬಂದಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು? ಮುಂದಿನ ರೇಸಿನಿಂದ ತಾವು ಹೊರಡುವ ಸಮಯವನ್ನು ಮುಂಚಿತವಾಗಿ ತಿಳಿಸಬೇಕೆಂದೂ, ತಿರುವುಗಳಲ್ಲಿ ನನ್ನೊಡನೆ ತಿರುಗಬೇಕೆಂದೂ, ಅದಾಗದಿದ್ದರೆ ಆ ಟೇಬಲ್ ಫ್ಯಾನಿನ ಬಳಿ ಕೆಲಕಾಲ ತರಬೇತಿ ಪಡೆಯಬೇಕೆಂದೂ ಕೋರುತ್ತೇನೆ.

ಆದರೂ ನಿಜ ಹೇಳಬೇಕು. ಆ ಸಂಜೆ ನಿರ್ದೇಶಕರು ಪತ್ರಿಕೆಯವರ ಮುಂದೆ ಎದೆಯುಬ್ಬಿಸಿ, ಇದೆಲ್ಲ ಚಳಿಗಾಲದಿಂದ ಹೆಣೆದ ತಂತ್ರವೆಂದೂ ಎದುರಾಳಿಗಳನ್ನು ಮೋಸಗೊಳಿಸಲು ಆರು ಜನರನ್ನು ಬೇಕೆಂದೇ ನಿಲ್ಲಿಸಿದೆವೆಂದೂ ಹೇಳಿಬಿಟ್ಟರು. ಹಾಗೆ ಹೇಳಿದ ಮೇಲೆ ತಂತ್ರದ ಮುಖ್ಯ ಪಾತ್ರಧಾರಿಯನ್ನು ಮನೆಗೆ ಕಳಿಸುವುದು ಹೇಗೆ? ಇನ್ನೊಂದು ವರ್ಷದ ಒಪ್ಪಂದ ಟೈಪಾಗಿದೆ, ತಂಡದ ಮಾಲೀಕರ ಸಹಿಯೊಂದು ಬಾಕಿ. ಅಮ್ಮ ಫೋನು ಮಾಡಿದ್ದಳು. “ಬಾಯಿ ಯಾಕೋ ಅಷ್ಟು ಅಗಲ ತೆಕ್ಕೊಂಡಿದ್ದೆ? ಹಲ್ಲೆಲ್ಲ ಕಾಣ್ತಿತ್ತು” ಎಂದು ಬೈದು, “ಆದ್ರೂ ನಿನ್ನ ಮುಖ ಟೀವಿ ತುಂಬಾ ಇತ್ತು ಕಣೋ” ಎಂದಳು. ತಾವು ಎದುರಿನಿಂದ ಬಾರದೆ ಇದ್ದಿದ್ದರೆ ಆ ರಸ್ತೆಯನ್ನು ಬೇಗ ದಾಟಿಬಿಡುತ್ತಿದ್ದೆ, ಅಮ್ಮ ಅಷ್ಟು ಹೊತ್ತು ನೋಡುತ್ತಿರಲಿಲ್ಲ. ಫೋನು ಇಟ್ಟ ಮೇಲೆ ನಾನು ಅತ್ತೆ.

ತಮ್ಮನ್ನೇ ನಂಬಿ, ತಮ್ಮನ್ನೇ ತಿಂದು ಬದುಕುವ,
ತಮ್ಮ ವಿಶ್ವಾಸಿ,
ಬಾಗಿಲು

ತಾ.ಕ.: ಇನ್ನು ಮುಂದೆ ರೇಡಿಯೋದಲ್ಲಿ ತಮ್ಮ ಹೆಸರು ಎತ್ತಕೂಡದು, ‘ಯಜಮಾನರು’ ಎನ್ನಬೇಕು ಎಂದು ನಿರ್ದೇಶಕರ ಅಪ್ಪಣೆಯಾಗಿದೆ. ತಂಡದ ಮಾಲೀಕರನ್ನೂ ನಾವು ಯಜಮಾನರು ಎಂದೇ ಕರೆಯುವುದೆಂಬುದು ಅವರಿಗೆ ಹೊಳೆಯಲಿಲ್ಲ. ಈ ಬೆಳಿಗ್ಗೆ ಅಭ್ಯಾಸದ ನಡುವೆ ತಾವು ಮತ್ತೆ ಎದ್ದು ಹೋದದ್ದನ್ನು ನಾನು ಈ ಸಲ ಹೆಸರು ಸಮೇತ, “ಬಾಗಿಲು ಮಾತಾಡ್ತಿರೋದು, ಯಜಮಾನರು ಹೋಗ್ಬಿಟ್ರು” ಎಂದು ಸ್ಪಷ್ಟವಾಗಿ ತಿಳಿಸಿದೆ. ನಾಯಕ ಸೈಕಲ್ಲಿನಿಂದ ಇಳಿದು ತಲೆ ತಗ್ಗಿಸಿ ನಿಂತ. ನಮ್ಮ ಕಾಲಿಗೆ ಮಾಲೀಶು ಮಾಡುವವರು ಟೋಪಿ ತೆಗೆದು ಅತ್ತೇಬಿಟ್ಟರು. ಮಾಲೀಕರು ನಿರ್ದೇಶಕರ ಕಾರಿನ ಹಿಂದಿನ ಸೀಟಿನಲ್ಲಿ ಬಿಸ್ಕತ್ತು ತಿನ್ನುತ್ತಾ ಇದನ್ನೆಲ್ಲ ಕಿವಿಯಾರೆ ಕೇಳಿದರು. ಆದಕಾರಣ, ಅವರ ಸಹಿ ಬೀಳುವ ತನಕ, ದಯವಿಟ್ಟು ತಾವು ಎಲ್ಲಿಗೂ ಹೋಗಬೇಡಿ.