ಮಾಜಿ ಅಧ್ಯಕ್ಷರ ವಿದೇಶಾಂಗ ನೀತಿ

ಅಧಿಕಾರದಲ್ಲಿರುವವರನ್ನು ಬೈಯುವುದರಲ್ಲಿ ಒಂದು ಸುಖವಿದೆ. ಆ ಸುಖ ಕಡೆತನಕ ಬೇಕೆನ್ನುವವರು ಮರೆತೂ ಚುನಾವಣೆಗೆ ನಿಲ್ಲಬಾರದು. ದೂರದೂರದ ದೇಶಗಳ ಅಧ್ಯಕ್ಷರ ಒಳನಾಡು ನೀತಿ, ವಿದೇಶಾಂಗ ನೀತಿಗಳನ್ನು ಕಾಲೇಜಿನಲ್ಲಿ ಪಾಠ ಹೇಳಿ, ಅವರ ತಪ್ಪುಗಳನ್ನೆಲ್ಲ ಬೋರ್ಡಿನ ಮೇಲೆ ಬರೆದು ತೋರಿಸಿದ ರಾಜ್ಯಶಾಸ್ತ್ರದ ಮೇಷ್ಟ್ರಾದ ನನಗೆ ಇಷ್ಟು ಸಣ್ಣ ಸಂಗತಿ ಹೊಳೆಯಲಿಲ್ಲ. ನಿವೃತ್ತನಾದ ಮೇಲೆ, ಹೊಸ ಶತಮಾನ ಇನ್ನೂ ಹೊಸದಾಗಿದ್ದಾಗ, ಕೆಸರೆಯ ಆಚೆಗಿನ ನಮ್ಮ ಬಡಾವಣೆಯ ನಿವಾಸಿಗಳ ಸಂಘಕ್ಕೆ ನಾನು ಅಧ್ಯಕ್ಷನಾಗಿಬಿಟ್ಟೆ.

ನನಗಿಂತ ಹಿಂದೆ ಆ ಕುರ್ಚಿಯಲ್ಲಿದ್ದವರು ಶಿವಬಸಪ್ಪನವರು. ಜವಳಿ ವ್ಯಾಪಾರದ ಮನೆತನ, ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ, ಬಾಯಲ್ಲಿ ಸದಾ ಒಂದೇ ಮಾತು: "ನೋಡಣ ಬುಡಿ." ಪಾರ್ಕಿನಲ್ಲಿ ಹಸು ಮೇಯುತ್ತಿದೆ ಎಂದರೂ ಅದೇ, ಪಕ್ಕದವರ ತೆಂಗಿನ ಗರಿ ನಮ್ಮ ಕಾಂಪೌಂಡಿಗೆ ಬೀಳುತ್ತಿದೆ ಎಂದರೂ ಅದೇ. ಇದು ಅವರ ಒಳನಾಡು ನೀತಿ. ವಿದೇಶಾಂಗ ನೀತಿಯಂತೂ ಇನ್ನೂ ಶೋಚನೀಯ ಎಂಬುದು ನನ್ನ ತೀರ್ಮಾನವಾಗಿತ್ತು. ನಮಗೆ ನೀರು ಬರುವುದು ಪಕ್ಕದ ಬಡಾವಣೆಯನ್ನು ಹಾದು. ವಾಲ್ವ್ ಇರುವುದು ಆ ಬಡಾವಣೆಯ ಅಧ್ಯಕ್ಷ ನಂಜೇಗೌಡರ ಮನೆಯ ಮುಂದೆ. ಅವರ ಕಡೆಯ ತೊಟ್ಟಿಗಳು ತುಂಬಿದ ಮೇಲೆ ಗೌಡರು ಒಂದು ಮಾತು ಹೇಳಿದರೆ, ನೀರು ಬಿಡುವವನು ಅದನ್ನು ನಮ್ಮ ಕಡೆಗೆ ತಿರುಗಿಸುತ್ತಿದ್ದ. ಶಿವಬಸಪ್ಪನವರು ದಿನಾ ಬೆಳಿಗ್ಗೆ ಗೌಡರ ಜಗುಲಿಯ ಮೇಲೆ ಕಾಫಿ ಕುಡಿದು ಬರುತ್ತಿದ್ದರು. ಸ್ವಾಭಿಮಾನವಿರುವ ಸಂಘದ ಅಧ್ಯಕ್ಷ ಪರರ ಜಗುಲಿಯಲ್ಲಿ ಕೂರುವುದೇ ಎಂದು ನಾನು ಭಾಷಣ ಬಿಗಿದೆ. ಜನ ಚಪ್ಪಾಳೆ ತಟ್ಟಿ ನನ್ನನ್ನು ಗೆಲ್ಲಿಸಿದರು.

ನಾನು ಎಲ್ಲವನ್ನೂ ಕೂಡಲೇ ಇತ್ಯರ್ಥ ಮಾಡಿದೆ. ಹಸುವನ್ನು ಪಾರ್ಕಿನಿಂದ ಓಡಿಸಿದೆ. ನಮ್ಮ ಮನೆಗೆ ಹಾಲು ನಿಂತಿತು. ತೆಂಗಿನ ಗರಿಯ ವ್ಯಾಜ್ಯದಲ್ಲಿ ತೀರ್ಪು ಕೊಟ್ಟೆ; ಎರಡೂ ಮನೆಯವರು ನನ್ನ ಕೂಡ ಮಾತು ಬಿಟ್ಟರು. ಅವರವರು ಮಾತ್ರ ಆಮೇಲೆ ರಾಜಿಯಾದರು. ಜಗುಲಿಯ ಕಾಫಿಗೂ ಪೂರ್ಣವಿರಾಮ ಹಾಕಿದೆ. ಆದರೂ ಸಂಕ್ರಾಂತಿಗೆ ಗೌಡರ ಮನೆಯಿಂದ ದೊಡ್ಡ ಸ್ಟೀಲ್ ಡಬ್ಬಿಯ ತುಂಬ ಎಳ್ಳುಬೆಲ್ಲ, ಸಕ್ಕರೆ ಅಚ್ಚು ಬಂದವು. ನನ್ನ ಹೆಂಡತಿ ಸರೋಜ ಬಸುರಿ ಮಗಳನ್ನು ನೋಡಲು ಹೋಗಿದ್ದಳು. ಎಳ್ಳನ್ನು ನಾನೊಬ್ಬನೇ ತಿಂದು ಮುಗಿಸಿ, ಡಬ್ಬಿಯನ್ನು ಹುಣಸೆಹಣ್ಣು ಹಾಕಿ ಫಳಫಳ ತೊಳೆದು, ಸ್ವತಃ ಹೋಗಿ ಗೌಡರ ಹೆಂಡತಿಯ ಕೈಗೆ ಕೊಟ್ಟು ವಂದನೆ ಹೇಳಿ ಬಂದೆ. ಶುದ್ಧ ರಾಜತಾಂತ್ರಿಕತೆ ಎಂದರೆ ಇದು ಎಂದು ಬೀಗಿದೆ.

ಆಮೇಲೆ ನಲ್ಲಿ ಸಣ್ಣಗಾಗುತ್ತ ಬಂತು. ಬೇಸಿಗೆ ಎಂದುಕೊಂಡೆ. ಅಷ್ಟರಲ್ಲಿ ಮಗಳು ಹೆತ್ತು, ಮೊಮ್ಮಗಳ ನಾಮಕರಣ ಬರುವ ಭಾನುವಾರ ನಮ್ಮ ಮನೆಯಲ್ಲೇ ಎಂದು ನಿಶ್ಚಯವಾಯಿತು. ಬೀಗರ ಕಡೆಯ ಜನವೆಲ್ಲ ಬರುವವರು. ನಲ್ಲಿ ತಿರುಗಿಸಿದರೆ ಗಾಳಿ. ಬೀಗರಿಗೆ ಕೈ ತೊಳೆಯಲು ಏನು ಕೊಡುತ್ತೀರಿ, ನಿಮ್ಮ ಸ್ವಾಭಿಮಾನವನ್ನೇ ಎಂದು ಸರೋಜ ಕೇಳಿದಳು. ಕೇಳಿದ್ದಷ್ಟೇ ಅಲ್ಲ, ನನ್ನನ್ನು ಶಿವಬಸಪ್ಪನವರ ಮನೆಗೆ ಎಳೆದುಕೊಂಡೇ ಹೋದಳು.

ಅವರು ನಗಲಿಲ್ಲ, ಹಂಗಿಸಲೂ ಇಲ್ಲ. ಎಲ್ಲ ಕೇಳಿ, "ಮೇಷ್ಟ್ರೇ, ಸಂಕ್ರಾಂತಿ ಡಬ್ಬಿ ಎಂಗೆ ವಾಪಸ್ ಕೊಟ್ರಿ?" ಎಂದರು.

ಚೆನ್ನಾಗಿ ತೊಳೆದು ಕೊಟ್ಟೆ ಎಂದೆ.

"ಖಾಲಿನಾ?" ಎಂದವಳು ಸರೋಜ. "ತುಂಬಿ ಬಂದ ಡಬ್ಬೀನ ಖಾಲಿ ಕೊಡ್ತಾರೇನ್ರೀ? ಒಂದು ಹಿಡಿ ಸಕ್ಕರೆನಾದ್ರೂ ಹಾಕ್ಬಾರ್ದಾಗಿತ್ತಾ?"

"ನಿಮ್ ಸಾವಾಸ ಬ್ಯಾಡ ಅಂದಂಗಾಯ್ತು ಕಣ್ರೀ," ಎಂದ ಶಿವಬಸಪ್ಪನವರು ಎದ್ದು ಹೆಗಲ ವಸ್ತ್ರ ಕೊಡವಿದರು. "ನೋಡಣ ಬುಡಿ."

ಮರುದಿನ ಬೆಳಿಗ್ಗೆ ಸರೋಜ ಕರಿದ ಕೋಡುಬಳೆಯ ಡಬ್ಬಿ ಹಿಡಿದು, ಶಿವಬಸಪ್ಪನವರ ಹಿಂದೆ ನಾನು ಗೌಡರ ಜಗುಲಿ ಹತ್ತಿದೆ. ಗೌಡರ ಮಂಡಿ ನೋವು, ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಅವರ ಮಗನ ಶಿಫ್ಟು, ಮುಗಿದುಹೋದ ಅವರೆಕಾಯಿ ಕಾಲ, ಎಲ್ಲ ಮಾತಿಗೆ ಬಂತು. ನಾನು ನೀರಿನ ವಿಷಯ ಎತ್ತಲು ಬಾಯಿ ತೆರೆದಾಗ ಶಿವಬಸಪ್ಪನವರು ನನ್ನ ತೊಡೆ ಚಿವುಟಿದರು. ಗೌಡರ ಹೆಂಡತಿ ಮುಚ್ಚಳ ತೆಗೆದು ನೋಡಿ, ಒಳಗೆ ಹೋಗಿ, ನನಗೂ ಒಂದು ಲೋಟ ಕಾಫಿ ತಂದರು. ಮೊಮ್ಮಗಳು ಬಂದಳಂತಲ್ಲ, ಯಾವತ್ತು ಹೆಸರಿಡುವುದು ಎಂದು ಕೇಳಿದರು. ನೀರಿನ ಹೆಸರನ್ನು ಯಾರೂ ಎತ್ತಲೇ ಇಲ್ಲ.

ಭಾನುವಾರ ಬೆಳಿಗ್ಗೆ ನಲ್ಲಿ ಭೋರೆಂದಿತು. ತೊಟ್ಟಿಲ ಪಕ್ಕದಲ್ಲಿ ಗೌಡರೂ ಶಿವಬಸಪ್ಪನವರೂ ಕೂತು ಮಗುವನ್ನು ನಗಿಸುತ್ತಿದ್ದುದನ್ನು ಕಂಡು ನನಗೆ ನಿಜವಾಗಿಯೂ ಕಣ್ಣು ತುಂಬಿತು. ಮುಂದಿನ ಸಭೆಯಲ್ಲಿ ಮಾಜಿ ಅಧ್ಯಕ್ಷರ ಒಳನಾಡು ಮತ್ತು ವಿದೇಶಾಂಗ ನೀತಿಗಳನ್ನು ಮರುಮೌಲ್ಯಮಾಪನ ಮಾಡಿ, ನಾವು ಅವರನ್ನು ಅರ್ಥಮಾಡಿಕೊಳ್ಳಲಿಲ್ಲ ಎಂದು ಮತ್ತೊಂದು ಭಾಷಣ ಬಿಗಿದೆ. ಜನ ಹಿಂದಿನ ಸಲಕ್ಕಿಂತ ಜೋರಾಗಿ ಚಪ್ಪಾಳೆ ತಟ್ಟಿ, ಅಲ್ಲೇ, ಆಗಲೇ ಅವರನ್ನು ಮತ್ತೆ ಅಧ್ಯಕ್ಷರನ್ನಾಗಿ ಆರಿಸಿದರು. ನಾನು ಇಷ್ಟನ್ನು ನಿರೀಕ್ಷಿಸಿರಲಿಲ್ಲ.

ಈಗ ನಾನೂ ಮಾಜಿ. ಹಸು ಪಾರ್ಕಿಗೆ ಮರಳಿದೆ, ಹಾಲು ನಮ್ಮ ಮನೆಗೆ. ಮೊನ್ನೆ ಸರೋಜಳನ್ನು ಕೇಳಿದೆ, ಮುಂದೊಂದು ದಿನ ಜನ ನನ್ನ ಆಡಳಿತವನ್ನೂ ಹೀಗೆಯೇ ಮರುಮೌಲ್ಯಮಾಪನ ಮಾಡುತ್ತಾರಲ್ಲವೇ ಎಂದು. ಅವಳು ಪಕ್ಕದ ಮನೆಯಿಂದ ಪಾಯಸ ಬಂದಿದ್ದ ಡಬ್ಬಿಗೆ ಸಕ್ಕರೆ ಸುರಿದು, ಮುಚ್ಚಳ ಒತ್ತಿ, ವಾಪಸ್ ಕೊಟ್ಟು ಬರಲು ನನ್ನ ಕೈಗಿಟ್ಟು ಹೇಳಿದಳು:

"ನೋಡಣ ಬುಡಿ."