ಹಳದಿ ಹೊಸ್ತಿಲು

ಕಾಗದಕ್ಕೂ ಆಯುಷ್ಯ ಇರುತ್ತದೆ ಎಂದು ನನಗೆ ಗೊತ್ತಾದದ್ದು ಗಂಡ ತೀರಿಕೊಂಡ ಮೇಲೆ. ನಾನು ಓದಿದ್ದು ಮೂರನೆಯ ಇಯತ್ತೆ. ಒತ್ತಕ್ಷರ ಬಂದರೆ ಈಗಲೂ ಮುಗ್ಗರಿಸುತ್ತೇನೆ. ಇಂಗ್ಲಿಷ್ ಕಾಗದಗಳನ್ನೆಲ್ಲ ಅವರು ನೋಡಿಕೊಳ್ಳುತ್ತಿದ್ದರು. ನಾನು ಅವರನ್ನು ನೋಡಿಕೊಳ್ಳುತ್ತಿದ್ದೆ, ಅಂದರೆ ಬೈಯುತ್ತಿದ್ದೆ.

ಮೆಲ್ಬರ್ನಿನ ಡ್ಯಾಂಡಿನಾಂಗಿನಲ್ಲಿದ್ದ ನಮ್ಮ ಹಳೆಯ ಮನೆಯನ್ನು ಬಾಡಿಗೆಗೆ ಕೊಟ್ಟು ನಾವು ಸಿಡ್ನಿಗೆ, ಕ್ವೇಕರ್ಸ್ ಹಿಲ್‌ನ ಮಗಳ ಮನೆಗೆ ಬಂದಿದ್ದೆವು. ಹಳೆಯ ಬಣ್ಣದಲ್ಲಿ ಸೀಸವಿರುತ್ತದಂತೆ, ಮಕ್ಕಳ ಹೊಟ್ಟೆಗೆ ಹೋದರೆ ಅದು ವಿಷವಂತೆ. ಮನೆಯಲ್ಲಿ ಅದಿಲ್ಲ ಎಂಬ ಸರ್ಟಿಫಿಕೇಟನ್ನು ಅವರು ಆಗಲೇ ಮಾಡಿಸಿದ್ದರು. ಅವರು ಹೋದ ಮೇಲೆ ಒಂದು ದಿನ ಬಾಡಿಗೆಯ ಏಜೆಂಟ್ ಫೋನ್ ಮಾಡಿದ.

"ಅಮ್ಮಾ, ಅಪ್ಪಾ ಮಾಡಿಸಿದ್ದು ಎಕ್ಸ್‌ಪೈರ್ ಆಗೇದಂತ," ಎಂದಳು ಮಗಳು.

"ನಿಮ್ಮಪ್ಪನೂ ಆಗ್ಯಾರಲ್ಲ," ಎಂದೆ. ಅವಳು ಎದ್ದು ಒಳಗೆ ಹೋದಳು. ನನ್ನ ಬಾಯಿ ಹಾಗೆಯೇ.

ಪರೀಕ್ಷೆಯ ದಿನ ನಾನೂ ಹೋದೆ. ಬಾಡಿಗೆಗಿದ್ದವಳು ಮಂಗಳೂರಿನ ಲವೀನಾ. ಸೊಂಟದ ಮೇಲೆ ಹಲ್ಲು ಬರುತ್ತಿದ್ದ ಕೂಸು. ಪರೀಕ್ಷೆಯವನು ಒದ್ದೆ ಕಡ್ಡಿಯಿಂದ ಬಾಗಿಲು ಕಿಟಕಿಗಳನ್ನೆಲ್ಲ ಒರೆಸಿ ನೋಡಿದ. ಕಡ್ಡಿ ಕೆಂಪಾದರೆ ಸೀಸ. ಎಲ್ಲೂ ಆಗಲಿಲ್ಲ. ಕೊನೆಗೆ ಮುಂಬಾಗಿಲ ಹಳದಿ ಹೊಸ್ತಿಲ ಮೇಲೆ ಕೆಂಪಾಯಿತು.

"ಕುಂಕುಮ ಅಂಟಿರಬೇಕು, ಮತ್ತೊಮ್ಮೆ ಒರಸಂತ ಹೇಳವ್ವ," ಎಂದೆ ಲವೀನಾಳಿಗೆ. ಮತ್ತೂ ಕೆಂಪೇ.

ಆ ಹಳದಿ ನಮ್ಮವರ ಕೆಲಸ. ನನ್ನ ಮೊಣಕಾಲು ಬಗ್ಗದೆ ಹೊಸ್ತಿಲಿಗೆ ಅರಿಶಿನ ಹಚ್ಚುವುದು ತಪ್ಪಿತ್ತು, ದಿನವೂ ಗೊಣಗುತ್ತಿದ್ದೆ. ಸರ್ಟಿಫಿಕೇಟ್ ಕೈಗೆ ಬಂದ ಮೇಲೆ, ಮನೆ ಬಿಡುವ ಹಿಂದಿನ ದಿನ, ಹಳೆಯ ಮಾಲೀಕರು ಶೆಡ್ಡಿನಲ್ಲಿ ಬಿಟ್ಟುಹೋಗಿದ್ದ ಬಣ್ಣದ ಡಬ್ಬಿ ತಂದು ಕುಕ್ಕರಗಾಲಿನಲ್ಲಿ ಕುಳಿತರು.

"ನಾಳೆ ಬಿಟ್ಟು ಹೋಗೋ ಮನಿಗೆ ಯಾಕ್ರೀ?"

"ಬರೇ ಹೊಸ್ತಿಲಾ ಬಿಟ್ಟು ಬಂದ್ವಿ ಅಂತ ನೀ ಅಲ್ಲಿ ನನ್ನ ತಲಿ ತಿಂತಿ."

"ಸೊಟ್ಟ ಆಗೇದ," ಎಂದೆ. ಅವರು ಕುಂಚ ತೊಳೆದಿಟ್ಟರು.

ಲವೀನಾ ಹೇಳಿದಳು, "ನಾವು ಒಂದು ದಿನವೂ ತುಳಿಯಲಿಲ್ಲ ಆಂಟಿ, ದಾಟಿಯೇ ಹೋಗುವುದು. ಇವಳು ಮಾತ್ರ..." ಅಷ್ಟಕ್ಕೇ ನಿಲ್ಲಿಸಿ ಕೂಸನ್ನು ಬಿಗಿಯಾಗಿ ಅಪ್ಪಿಕೊಂಡಳು. ಹೊಸ್ತಿಲ ಅಂಚಿನಲ್ಲಿ ಹಲ್ಲಿನ ಗುರುತುಗಳಿದ್ದವು.

ಕೂಸಿನ ರಕ್ತ ಪರೀಕ್ಷೆಗೆ ಹೋಯಿತು. ಉತ್ತರ ಬರುವವರೆಗೆ ನಾನು ಅಲ್ಲೇ ಉಳಿದೆ. ಗಂಡ ಸತ್ತದ್ದು ಒಳ್ಳೆಯದಾಯಿತು ಎಂದು ಮೊದಲ ಬಾರಿ ಅನ್ನಿಸಿತು. ಬದುಕಿದ್ದರೆ ಇದನ್ನು ಕೇಳಿ ಸಾಯುತ್ತಿದ್ದರು. ಮೂರನೆಯ ದಿನ ಲವೀನಾ ಫೋನ್ ಕೆಳಗಿಟ್ಟು, "ಏನೂ ಇಲ್ಲವಂತೆ ಆಂಟಿ," ಎಂದು ನನ್ನ ಹೆಗಲಿಗೆ ತಲೆಯಿಟ್ಟು ಅತ್ತಳು. ನನಗೆ ಅಳು ಬರಲಿಲ್ಲ. ಅನ್ನಕ್ಕಿಟ್ಟೆ.

ಹೊಸ್ತಿಲನ್ನು ಕಿತ್ತು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರು. ಒಂದು ತುಂಡು ಕೇಳಿದೆ, ಕೊಡಲಿಲ್ಲ. ಅಲ್ಲೀಗ ಬರೀ ಮರದ ಹೊಸ್ತಿಲಿದೆ.

ಹೊಸ ಕಾಗದ ಸಿಡ್ನಿಗೆ ಬಂತು. ಮಗಳು ಓದಿ ಹೇಳಿದಳು, "ಮನ್ಯಾಗ ಅಪಾಯದ್ದೇನೂ ಉಳಿದಿಲ್ಲಂತ."

ಉಳಿದಿರಲಿಕ್ಕಿಲ್ಲ. ಆದರೆ ನಾನೂ ಅವತ್ತು ಅಲ್ಲೇ ನಿಂತಿದ್ದೆ. ಪರೀಕ್ಷೆಯವನು ನನ್ನ ನಾಲಿಗೆಯನ್ನು ಒರೆಸಿ ನೋಡಲಿಲ್ಲ. ಹೊಸ್ತಿಲನ್ನು ಸುತ್ತುವ ಮೊದಲು ಕಣ್ಣಿಟ್ಟು ನೋಡಿದೆ. ಬಣ್ಣ ಸೊಟ್ಟ ಇರಲಿಲ್ಲ, ನೆಟ್ಟಗೇ ಇತ್ತು.