ಸುಂದರನ ಡ್ರಿಪ್ಪೂ ಇಪ್ಪತ್ತೊಂದು ದಿನದ ಪಥ್ಯವೂ

ಈ ಸಲ ಮೀನಿನ ಸೀಸನ್ನಿಗೆ ತಾನು ಹೊಸ ಮನುಷ್ಯನಾಗಿಯೇ ಇಳಿಯುವುದು ಎಂದು ತ್ರಾಸಿಯ ಸುಂದರ ಘೋಷಿಸಿದ. ಬೈಕಿನ ಹಿಂದೆ ಐಸ್ ಪೆಟ್ಟಿಗೆ ಕಟ್ಟಿಕೊಂಡು ಹಾಲಾಡಿಯವರೆಗೆ ಮೀನು ಮಾರುವವನು ಅವನು. ಮಳೆಗಾಲದಲ್ಲಿ ಎರಡು ತಿಂಗಳು ಬೋಟುಗಳು ದಡದಲ್ಲಿ ಕೂತಿದ್ದವು, ಸುಂದರ ಜಗಲಿಯಲ್ಲಿ ಕೂತಿದ್ದ. ಒಣಮೀನು ತಿಂದು ತಿಂದು ನಾಲಿಗೆ ಸತ್ತಿತ್ತು, ಮೈ ಭಾರವಾಗಿತ್ತು. ಇನ್ನು ಮೂರು ದಿನಕ್ಕೆ ತಾಜಾ ಬಂಗುಡೆ. ಅಷ್ಟರೊಳಗೆ ಕುಂದಾಪುರದ ಕ್ಲಿನಿಕ್ಕೊಂದರಲ್ಲಿ ವಿಟಮಿನ್ ಡ್ರಿಪ್ ಹಾಕಿಸಿಕೊಳ್ಳಲು ಹೊರಟ.

"ಕಾಯ್ಲೆ ಇಲ್ದೆ ಬಾಟ್ಲಿ ಹಾಕಿಸ್ಕಂಬುದಾ?" ಎಂದಳು ಹೆಂಡತಿ ಅಮ್ಮಣಿ.

"ನಿಂಗ್ ಗೊತ್ತಾತಿಲ್ಲ. ಬೈಕಿಗೆ ಸರ್ವೀಸ್ ಇಲ್ದಾ? ಹಾಂಗೇ."

ಡ್ರಿಪ್ ಮುಗಿದ ಮೇಲೆ ನರ್ಸ್ ರಮಿತಾ ಹತ್ತಿ ಒತ್ತಿ ಹಿಡಿದು ಹೇಳತೊಡಗಿದಳು. "ಇಲ್ಲಿ ತಿಕ್ಕುಕಾಗ. ಇವತ್ತ್ ಈ ಕೈಯಗೆ ಭಾರ ಎತ್ತುಕಾಗ. ನೀರ್ ಸಮಾ ಕುಡೀಕ್. ಮತ್ತ್ ಇನ್ನೊಂದ್..."

ಸುಂದರ ಆಗ ತನ್ನ ಕೈಯ ಫೋಟೋ ತೆಗೆದು ಸ್ಟೇಟಸ್ಸಿಗೆ ಏರಿಸುವ ಮಹತ್ಕಾರ್ಯದಲ್ಲಿದ್ದ. ಆ ಇನ್ನೊಂದು ಮಾತು ಫ್ಯಾನಿನ ಗಾಳಿಗೆ ಹೋಯಿತು, ಅವಳು ಕೊಟ್ಟ ಚೀಟಿ ಅಂಗಿಯ ಜೇಬಿಗೆ ಹೋಯಿತು.

ಕೇಳಿಸಿಕೊಂಡಷ್ಟನ್ನು ಮಾತ್ರ ಅಕ್ಷರಶಃ ಪಾಲಿಸಿದ. ಆ ಕೈಯಲ್ಲಿ ಚಾ ಲೋಟವನ್ನೂ ಎತ್ತಲಿಲ್ಲ. ಸಂಜೆ ಹಿತ್ತಿಲಿಗೆ ಹೋದವನು ಮಾತ್ರ ಮುಖ ಸಪ್ಪೆ ಮಾಡಿಕೊಂಡು ಬಂದ.

"ಅಮ್ಮಣೀ, ಮೂತ್ರ ಹಳದಿ ಹೋತಿತ್ತ್."

"ಎಷ್ಟ್ ಹಳದಿ?"

"ಮದ್ವಿ ಮನಿ ಅರಶಿಣದಷ್ಟ್."

ಅಮ್ಮಣಿ ಕೂತಲ್ಲೇ ರೋಗ ಪತ್ತೆ ಹಚ್ಚಿದಳು. "ಕಾಮಾಲೆ. ಮೈ ಭಾರ ಆದ್ದ್ ಎಂತಕ್ಕಂದ್ ಈಗ ಗೊತ್ತಾಯ್ತ್."

ಮರುದಿನ ಬೆಳಿಗ್ಗೆಯೇ ಶಂಕರನಾರಾಯಣಕ್ಕೆ, ಕಾಮಾಲೆಗೆ ನಾಟಿಮದ್ದು ಕೊಡುವ ಬಾಗಿಯಜ್ಜಿಯ ಮನೆಗೆ ಓಡಿದರು. ಅಜ್ಜಿ ಅವನ ರೆಪ್ಪೆ ಎಳೆದು ನೋಡಿ, "ಕಣ್ಣ್ ಬೆಳ್ಳಗೇ ಇತ್ತಲ್ಲ ಮಗಾ" ಎಂದು ಅನುಮಾನಿಸಿದಳು.

"ಕಣ್ಣಿಗೆ ಇನ್ನೂ ಏರ್ಲಿಲ್ಲ ಅಜ್ಜಿ. ಏರುಕ್ ಮುಂಚೆ ಕೊಡಿ" ಎಂದ ಸುಂದರ.

ಕಹಿ ಸೊಪ್ಪಿನ ರಸ ಒಂದು ಲೋಟ ಇಳಿಯಿತು. ಆಮೇಲೆ ಅಜ್ಜಿ ಅವನನ್ನು ದೇವಸ್ಥಾನದ ದಿಕ್ಕಿಗೆ ಕೈಮುಗಿಸಿ ನಿಲ್ಲಿಸಿ ಮಾತು ತೆಗೆದುಕೊಂಡಳು: ಇಪ್ಪತ್ತೊಂದು ದಿನ ಎಣ್ಣೆ ಇಲ್ಲ, ಖಾರ ಇಲ್ಲ, ಮೀನು ಇಲ್ಲ.

ಮೂರನೆಯ ದಿನ ಬೋಟುಗಳು ಬಂದವು. ಮಾರಿ ಉಳಿದ ನಾಲ್ಕು ಬಂಗುಡೆ ಹಿಡಿದು ಸುಂದರ ಮನೆಗೆ ಬಂದಾಗ ಅಮ್ಮಣಿ ಅಂಗಿ ಒಗೆಯುವ ಮುಂಚೆ ಜೇಬು ತಡವುತ್ತಿದ್ದಳು. ಚೀಟಿ ಸಿಕ್ಕಿತು. ಗಟ್ಟಿಯಾಗಿ ಓದಿದಳು: "ಒಂದೆರಡು ದಿನ ಮೂತ್ರ ಗಾಢ ಹಳದಿಯಾಗಬಹುದು. ಹೆಚ್ಚಾದ ವಿಟಮಿನ್ ಹೊರಗೆ ಹೋಗುವುದಷ್ಟೆ. ಹೆದರಬೇಡಿ, ನೀರು ಚೆನ್ನಾಗಿ ಕುಡಿಯಿರಿ."

ಸುಂದರನಿಗೆ ಹೋದ ಜೀವ ಬಂದಂತಾಯಿತು. "ಕಾಮಾಲೆ ಇಲ್ಲ ಅಂದಾಯ್ತಲ್ಲ. ಬಂಗುಡೆ ಕಾಯ್ಸ್."

"ಕಾಮಾಲೆ ಇಲ್ಲ, ಸರಿ. ದೇವ್ರಿಗೆ ಕೊಟ್ಟ್ ಮಾತ್ ಇತ್ತಲ್ದಾ?"

ಅಪ್ಪಣೆಗಾಗಿ ಅವನು ಬಾಗಿಯಜ್ಜಿಗೇ ಫೋನ್ ಮಾಡಿದ. ಕಾಮಾಲೆ ಇಲ್ಲ ಎಂದು ಕೇಳಿ ಅಜ್ಜಿಗೆ ಬಹಳ ಸಂತೋಷವಾಯಿತು. "ಎರಡೇ ದಿನಕ್ಕ್ ಗುಣ ಆಯ್ತಾ? ಕಂಡ್ಯಾ ನಮ್ಮ್ ಮದ್ದ್. ಪಥ್ಯ ಬಿಡ್ಬೇಡ ಮಗಾ, ಇನ್ನ್ ಹತ್ತೊಂಬತ್ತೇ ದಿನ."

ಮಧ್ಯಾಹ್ನ ಸುಂದರನ ಮುಂದೆ ಗಂಜಿ ತಿಳಿ ಬಂತು. "ನೀರ್ ಸಮಾ ಕುಡೀಕಂದ್ ಚೀಟಿಯಗೇ ಬರ್ದಿತ್ತ್" ಎಂದಳು ಅಮ್ಮಣಿ. ಎದುರಿನ ಬಟ್ಟಲಲ್ಲಿ ನಾಲ್ಕು ಬಂಗುಡೆ, ಕೆಂಪಗೆ, ಗರಿಗರಿಯಾಗಿ.

"ನಿಂಗ್ ಒಬ್ಳಿಗೇ ನಾಲ್ಕಾ?" ಎಂದ, ನೀರೂರಿದ ಬಾಯಿ ಒರೆಸಿಕೊಂಡು.

"ಎರಡ್ ನಂದ್, ಎರಡ್ ನಿಮ್ಮ್ ಪಾಲಿಂದ್." ಅಮ್ಮಣಿ ಮುಳ್ಳು ಬಿಡಿಸುತ್ತ ಹೇಳಿದಳು, "ಎಲ್ಲ ವಿಟಮಿನ್ ನಿಮ್ಗೇ ಬೇಕಾ?"